ಮೈನಾಟ್ ರೈಲಿನ ಕೂಸು, ವೈಕಿಂಗರದ್ದಲ್ಲ

ನಮಸ್ಕಾರ. ಅಮೆರಿಕದ ನಾರ್ತ್ ಡಕೋಟಾ ರಾಜ್ಯದ ಮೈನಾಟ್ ನಗರವನ್ನು ವೈಕಿಂಗರ, ಅಂದರೆ ಸುಮಾರು ಸಾವಿರ ವರ್ಷಗಳ ಹಿಂದೆ ನಾರ್ವೆ ಮೊದಲಾದ ಸ್ಕ್ಯಾಂಡಿನೇವಿಯಾ ನಾಡುಗಳಿಂದ ಹೊರಟ ಕಡಲ ದಾಳಿಕಾರರ, ಸಾಹಸದ ರಕ್ತವೇ ಕಟ್ಟಿತೆಂದು ವೀಕ್ಷಕರೊಬ್ಬರು ಕಳೆದ ಸಂಚಿಕೆಗೆ ಪ್ರತಿಕ್ರಿಯಿಸಿದ್ದಾರೆ. ಈ ಮಾತನ್ನು ನಾನು ಸುತರಾಂ ಒಪ್ಪುವುದಿಲ್ಲ. ಆ ಊರನ್ನು ಹೆತ್ತದ್ದು ರೈಲು.

1886ರಲ್ಲಿ ರೈಲು ಉದ್ಯಮಿ ಜೇಮ್ಸ್ ಜೆ. ಹಿಲ್ ಅವರ ರೈಲುಮಾರ್ಗ, ಅಂದರೆ ಮುಂದೆ ಗ್ರೇಟ್ ನಾರ್ದರ್ನ್ ಎಂದು ಹೆಸರಾದ ಮಾರ್ಗ, ಪಶ್ಚಿಮಕ್ಕೆ ಸಾಗುತ್ತಾ ಗ್ಯಾಸ್‌ಮನ್ ಕಣಿವೆಯ ಬಳಿ ತಡೆದು ನಿಂತಿತು. ಎತ್ತರದ ಸೇತುವೆ ಕಟ್ಟದೆ ಮುಂದೆ ಹೋಗುವಂತಿರಲಿಲ್ಲ, ಚಳಿಗಾಲವೂ ಎದುರಿಗಿತ್ತು. ಕೆಲಸಗಾರರು ಬೀಡುಬಿಟ್ಟ ಬಯಲಿನಲ್ಲಿ ಡೇರೆಗಳ ಊರೊಂದು ಎಷ್ಟು ಬೇಗ ತಲೆಯೆತ್ತಿತೆಂದರೆ, ಅದಕ್ಕೆ ‘ಮ್ಯಾಜಿಕ್ ಸಿಟಿ’ ಎಂಬ ಅಡ್ಡಹೆಸರೇ ನಿಂತುಹೋಯಿತು. ಊರಿನ ಹೆಸರು ಕೂಡ ರೈಲಿಗೆ ಹಣ ಹೂಡಿದ್ದ ಹೆನ್ರಿ ಮೈನಾಟ್ ಅವರದ್ದು. ಇದರಲ್ಲಿ ವೈಕಿಂಗರು ಎಲ್ಲಿಂದ ಬಂದರು?

ಇಲ್ಲಿ ನೆಲೆಸಿದ ಜನ ನಾರ್ವೆಯವರಲ್ಲವೇ ಎಂದು ಕೇಳುತ್ತೀರಿ. ಹೌದು, ಹೊಟ್ಟೆಪಾಡಿಗಾಗಿ ಬಂದ ನಾರ್ವೆಯವರು. ಅವರ ನಾಡಿನಲ್ಲಿ ಉಳುವ ನೆಲವೇ ಕಡಿಮೆ. ಇಲ್ಲಿ 1862ರ ಹೋಮ್‌ಸ್ಟೆಡ್ ಕಾಯ್ದೆಯ ಪ್ರಕಾರ 5 ವರ್ಷ ನೆಲೆಸಿ ಬೇಸಾಯ ಮಾಡಿದವರಿಗೆ 160 ಎಕರೆ ಸಿಗುತ್ತಿತ್ತು. ಅವರ ಗೋಧಿಗೆ ರೈಲು ಬೇಕು, ರೈಲಿಗೆ ಅವರ ಗೋಧಿ ಬೇಕು. ಆದ್ದರಿಂದಲೇ ಹಿಲ್ ಅವರ ಕಂಪನಿ ಸ್ಕ್ಯಾಂಡಿನೇವಿಯಾದಲ್ಲಿ ಪ್ರಚಾರ ಮಾಡಿ ಒಕ್ಕಲುಗಳನ್ನು ಕರೆತಂದಿತು.

ಸೊಂಡ್ರೆ ನಾರ್‌ಹೈಮ್ ಅವರನ್ನೇ ನೋಡಿ. ಆಧುನಿಕ ಸ್ಕೀಯಿಂಗ್‌ನ ಪಿತಾಮಹರೆನಿಸಿಕೊಂಡ ಈ ಬಡ ಮನುಷ್ಯ 1884ರಲ್ಲಿ ನಾರ್ವೆಯ ಟೆಲೆಮಾರ್ಕ್‌ನ ಬೆಟ್ಟಗಳನ್ನು ಬಿಟ್ಟು ಹೊರಟರು, ಕೊನೆಗೆ ಜಾರಲು ಇಳಿಜಾರೇ ಇಲ್ಲದ ಈ ಸೀಮೆಗೆ ಬಂದು ಸೇರಿದರು. ಹಿಮ ಬಿದ್ದಾಗ ಬಾಗಿಲ ಹೊರಗೆ ಸ್ಕೀಗಳನ್ನು ಇಟ್ಟಿರುತ್ತಿದ್ದರೆಂದು ಹೇಳುತ್ತಾರೆ. 1897ರಲ್ಲಿ ತೀರಿಕೊಂಡ ಅವರ ಸಮಾಧಿಗೆ ದಶಕಗಳ ಕಾಲ ಗುರುತಿನ ಕಲ್ಲೂ ಇರಲಿಲ್ಲ. ಇಂದು ಮೈನಾಟ್‌ನ ಸ್ಕ್ಯಾಂಡಿನೇವಿಯನ್ ಹೆರಿಟೇಜ್ ಪಾರ್ಕ್‌ನಲ್ಲಿ, ನಾರ್ವೆಯ ಗೋಲ್ ಊರಿನ ಮರದ ಚರ್ಚಿನ ಪ್ರತಿಕೃತಿಯಿರುವ ಆವರಣದಲ್ಲೇ, ಅವರ ಪ್ರತಿಮೆಯಿದೆ. ಪರಂಪರೆ ಎಂದರೆ ನನಗೆ ಈ ಮನುಷ್ಯ, ಕೊಂಬಿನ ಶಿರಸ್ತ್ರಾಣವಲ್ಲ. ವೈಕಿಂಗರು ಅಂಥ ಶಿರಸ್ತ್ರಾಣವನ್ನು ಧರಿಸಿ ಯುದ್ಧಕ್ಕೆ ಹೋದದ್ದಕ್ಕೆ ಪುರಾವೆಯೇ ಇಲ್ಲ!

ಮೈನಾಟ್‌ನಲ್ಲಿ 1978ರಿಂದ ನಡೆದುಬಂದ ಹಾಸ್ಟ್‌ಫೆಸ್ಟ್ ಎಂಬ ಸ್ಕ್ಯಾಂಡಿನೇವಿಯನ್ ಉತ್ಸವದಲ್ಲಿ ಆ ಶಿರಸ್ತ್ರಾಣ ಬರೀ ವೇಷವಲ್ಲವೇ ಎನ್ನುವವರೊಡನೆ ನನಗೆ ಚರ್ಚೆ ಬೇಡ. ವೇಷ ಹಾಕಲಿ, ಹಾಡಲಿ, ಕುಣಿಯಲಿ. ಆದರೆ ಊರಿನ ಹುಟ್ಟನ್ನು ಕದಿಯಬಾರದು. ರೈಲು ಬಂತು, ಜನ ಬಂದರು, ಊರಾಯಿತು. ಎಷ್ಟು ಸಲ ಕೇಳಿದರೂ ನಾನು ರೈಲು ಎಂದೇ ಹೇಳುವೆ.

ಮುಂದಿನ ಸಂಚಿಕೆ, ಹಿಲ್ ಅವರ ಬಿರುದನ್ನೇ ಹೊತ್ತು ಇಂದಿಗೂ ಮೈನಾಟ್‌ನಲ್ಲಿ ನಿಲ್ಲುವ ಎಂಪೈರ್ ಬಿಲ್ಡರ್ ರೈಲಿನ ಬಗ್ಗೆ. ಚಾನೆಲ್‌ಗೆ ಚಂದಾದಾರರಾಗಿ, ವೈಕಿಂಗ್ ಅಭಿಮಾನಿಗಳನ್ನೂ ಕರೆತನ್ನಿ.