ಪದರ ಸುಲಭ, ಅಳಿವೆ ನೀರೇ ಕಷ್ಟ

ಎಲ್ಲರಿಗೂ ನಮಸ್ಕಾರ. ಕುಮಟಾದಲ್ಲಿ ನಿಂತು ನೀರಿನ ಬಗ್ಗೆ ಮಾತಾಡುವಾಗ ಬಳಚು ಅನ್ನುವ ಚಿಪ್ಪುಜೀವಿಯನ್ನು ಬಿಡೋಕಾಗಲ್ಲ. ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಎಷ್ಟು ಜನ ಬಳಚು ಹೆಕ್ಕಲು ಇಳಿಯುತ್ತಾರೆ ಅಂತ ನಿಮಗೇ ಗೊತ್ತು. ಬಳಚು ನೀರು ಸೋಸಿಯೇ ಹೊಟ್ಟೆ ಹೊರೆಯುತ್ತದೆ. ನೀರಿನಲ್ಲಿ ಸೀಸವೋ ಕ್ಯಾಡ್ಮಿಯಮ್ಮೋ ಇದ್ದರೆ ಅದರ ಮೈಯಲ್ಲಿ ಸೇರಿಕೊಳ್ಳುತ್ತಾ ಹೋಗುತ್ತದೆ. ನಮ್ಮಲ್ಲಿ ಹಾಗಾಗಿದೆ ಅಂತ ಹೆದರಿಸಲು ನಾನು ಬಂದಿಲ್ಲ. ದಡದಲ್ಲೇ ಕೂತು ಅದನ್ನು ನೋಡುವ ದಾರಿ ಒಂದಿದೆ, ಅಷ್ಟೇ.

ಎಷ್ಟು ಕಮ್ಮಿ ಇರುವುದನ್ನು ಹುಡುಕಬೇಕು? ಭಾರತೀಯ ಮಾನಕದಲ್ಲಿ ಕುಡಿಯುವ ನೀರಿನ ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅಂದರೆ 10 ಕೋಟಿ ಪಾಲಿನಲ್ಲಿ ಒಂದು ಪಾಲು. ಕ್ಯಾಡ್ಮಿಯಮ್‌ಗೆ ಇನ್ನೂ ಕಮ್ಮಿ, 0.003. ಇಷ್ಟು ಚೂರನ್ನು ನೇರವಾಗಿ ಅಳೆಯಲು ಹೋದರೆ ಏನೂ ಸಿಗಲ್ಲ. ಮೊದಲು ಒಂದೆಡೆ ಕೂಡಿಹಾಕಬೇಕು. ನಮ್ಮ ಗಜನಿಯಲ್ಲಿ, ಅಂದರೆ ಅಳಿವೆ ಪಕ್ಕದ ಉಪ್ಪುನೀರಿನ ಗದ್ದೆಯಲ್ಲಿ, ಮಾಡುವುದೂ ಇದನ್ನೇ ಅಲ್ವಾ? ಭರತದ ನೀರಿನ ಜೊತೆ ಬಂದ ಮೀನನ್ನು ಒಳಗೇ ಉಳಿಸಿಕೊಂಡು, ಇಳಿತದಲ್ಲಿ ಬಾಗಿಲು ತೆಗೆದು ಬಲೆ ಒಡ್ಡುತ್ತೇವೆ. ಇಲ್ಲಿ ಆ ಕೆಲಸ ಮಾಡುವುದು ಬಿಸ್ಮತ್ ಎಂಬ ಲೋಹದ ತೆಳು ಪದರ.

ಈ ಪರೀಕ್ಷಾ ಪಟ್ಟಿಯನ್ನು ಕೈಯಿಂದ ಕೈಗೆ ದಾಟಿಸಿ. ನಡುವಿನ ಕಪ್ಪು ಬೊಟ್ಟನ್ನು ಮಾತ್ರ ಮುಟ್ಟಬೇಡಿ. ಪ್ಲಾಸ್ಟಿಕ್ ಮೇಲೆ ಕಾರ್ಬನ್ ಶಾಯಿಯಲ್ಲಿ ಅಚ್ಚು ಹಾಕಿದ್ದು ಅದು. ನೀರಿಗೆ ಅಸಿಟೇಟ್ ಬಫರ್, ಅಂದರೆ ಹುಳಿಯನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ದ್ರಾವಣ, ಹಾಕಿ ಸ್ವಲ್ಪ ಹುಳಿ ಮಾಡುತ್ತೇವೆ, ತುಸು ಬಿಸ್ಮತ್ ಲವಣ ಸೇರಿಸುತ್ತೇವೆ. ಬೊಟ್ಟಿಗೆ ಮೈನಸ್ 1.2 ವೋಲ್ಟ್ ಕೊಟ್ಟು ಎರಡು ನಿಮಿಷ ಕಲಕುತ್ತಾ ಇರುತ್ತೇವೆ. ಬಿಸ್ಮತ್ ಪದರ ಕಟ್ಟುತ್ತಾ ಹೋದ ಹಾಗೆ ಸೀಸ, ಕ್ಯಾಡ್ಮಿಯಮ್ ಅದರೊಳಗೇ ಬಂದು ಕೂರುತ್ತವೆ. ಆಮೇಲೆ ಕಲಕುವುದು ನಿಲ್ಲಿಸಿ ವೋಲ್ಟೇಜನ್ನು ಸೊನ್ನೆಯ ಕಡೆ ತರುತ್ತೇವೆ. ಮೈನಸ್ 0.8ರ ಆಸುಪಾಸಿನಲ್ಲಿ ಕ್ಯಾಡ್ಮಿಯಮ್ ಬಿಟ್ಟು ಹೊರಡುತ್ತದೆ, ಮೈನಸ್ 0.5ರ ಆಸುಪಾಸಿನಲ್ಲಿ ಸೀಸ. ಹಾಗೆ ಹೊರಡುವಾಗ ಹರಿಯುವ ಕರೆಂಟಿನಿಂದ ಪರದೆ ಮೇಲೆ ಒಂದೊಂದಕ್ಕೂ ಒಂದು ಗುಡ್ಡ ಏಳುತ್ತದೆ. ಗುಡ್ಡ ಎದ್ದ ಜಾಗ ಯಾವ ಲೋಹ ಅಂತ ಹೇಳುತ್ತದೆ, ಎತ್ತರ ಎಷ್ಟು ಅಂತ ಹೇಳುತ್ತದೆ.

ಮೊದಲೆಲ್ಲಾ ಈ ಕೆಲಸಕ್ಕೆ ಪಾದರಸ ಬಳಸುತ್ತಿದ್ದರು. 1922ರಲ್ಲಿ ಪ್ರಾಗ್‌ನ ರಸಾಯನ ವಿಜ್ಞಾನಿ ಹೆಯ್ರೋವ್‌ಸ್ಕಿ ಪಾದರಸದ ಹನಿಯಿಂದಲೇ ಈ ಬಗೆಯ ಅಳತೆ ಶುರು ಮಾಡಿದ್ದು. 1959ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ವಿಷ ಹುಡುಕಲು ವಿಷವನ್ನೇ ಹೊತ್ತು ತಿರುಗುವುದು ಅಂದರೆ ಹೇಗೆ? 2000ದಲ್ಲಿ ರಸಾಯನ ವಿಜ್ಞಾನಿ ಜೋಸೆಫ್ ವಾಂಗ್ ಅವರ ತಂಡ ಬಿಸ್ಮತ್ ಪದರವನ್ನು ಮುಂದಿಟ್ಟಿತು. ಇದರ ಲವಣಗಳನ್ನು ಹೊಟ್ಟೆನೋವಿನ ಔಷಧಿಯಲ್ಲೂ ಹಾಕುತ್ತಾರೆ. ಒಂದು ಕೊರತೆ ಇದೆ: ನೀರಿನಲ್ಲಿರುವ ಪಾದರಸವನ್ನು ಇದು ಹಿಡಿಯಲ್ಲ. ಪಾದರಸದ ಸರದಿ ಬರುವಷ್ಟರಲ್ಲಿ ಬಿಸ್ಮತ್ತೇ ಕರಗಿ ಹೋಗಿರುತ್ತದೆ. ಅದಕ್ಕೆ ಚಿನ್ನದ ಪದರ ಬೇಕು.

ಇಲ್ಲಿವರೆಗೆ ಹೇಳಿದ್ದು ಲ್ಯಾಬಿನ ಶುದ್ಧ ನೀರಿನ ಕಥೆ. ನನ್ನ ಪ್ರಕಾರ ನಿಜವಾದ ಕಷ್ಟ ಪದರದಲ್ಲಿಲ್ಲ, ನೀರಿನಲ್ಲಿದೆ. ಮಳೆಗಾಲದಲ್ಲಿ ಘಟ್ಟದಿಂದ ದರಕು, ಅಂದರೆ ಉದುರಿದ ಒಣ ಎಲೆ, ಕೊಳೆತ ಕಂದು ನೀರು ಇಳಿಯುತ್ತದೆ. ಅದರಲ್ಲಿರುವ ಹ್ಯೂಮಿಕ್ ಅಂಶ ಲೋಹವನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಪದರಕ್ಕೆ ಕಾಣುವುದು ಬಿಡಿಯಾಗಿರುವ ಲೋಹ ಮಾತ್ರ. ಗುಡ್ಡ ಚಿಕ್ಕದಾಗಿ ಬಂತು ಅಂತ ಖುಷಿ ಪಡಬೇಡಿ. ಆಸಿಡ್ ಹಾಕಿ, ಯುವಿ ಬೆಳಕಿನಲ್ಲಿಟ್ಟು, ಆ ಹಿಡಿತ ಬಿಡಿಸಿ ಮತ್ತೆ ನೋಡಬೇಕು. ಕೊಳೆ, ಸಾಬೂನಿನ ಅಂಶ ಬೊಟ್ಟಿನ ಮೇಲೇ ಅಂಟಿಕೊಂಡರೂ ಗುಡ್ಡ ತಗ್ಗುತ್ತದೆ.

ಉಪ್ಪಿನದು ಇನ್ನೊಂದು ರಗಳೆ. ಅದರ ಮಟ್ಟ ಭರತಕ್ಕೊಂದು, ಇಳಿತಕ್ಕೊಂದು. ಹಾಗಾಗಿ ಬೇರೆ ನೀರಿನಲ್ಲಿ ಮಾಡಿದ ಲೆಕ್ಕವನ್ನು ಇಲ್ಲಿಗೆ ತರಬೇಡಿ. ಅದೇ ನೀರಿಗೆ ಗೊತ್ತಿರುವಷ್ಟು ಸೀಸ ಸೇರಿಸಿ, ಗುಡ್ಡ ಎಷ್ಟು ಏರಿತು ನೋಡಿ, ಅದರಿಂದ ಮೊದಲಿನದನ್ನು ಲೆಕ್ಕ ಹಾಕಿ. ಬಾಟಲಿಯನ್ನು ತೆಳು ನೈಟ್ರಿಕ್ ಆಸಿಡ್‌ನಲ್ಲಿ ನೆನೆಸಿ, ಶುದ್ಧ ನೀರಿನಲ್ಲಿ ತೊಳೆದಿರಬೇಕು. ಇಲ್ಲದಿದ್ದರೆ ಅಳೆಯುವುದು ನದಿಯನ್ನಲ್ಲ, ಬಾಟಲಿಯನ್ನು.

ಬಳಚನ್ನೇ ದಡದಲ್ಲಿ ಪರೀಕ್ಷಿಸಬಹುದಾ? ಆಗಲ್ಲ. ಅದರ ಮಾಂಸವನ್ನು ಆಸಿಡ್‌ನಲ್ಲಿ ಪೂರ್ತಿ ಕರಗಿಸಬೇಕು, ಅದು ಲ್ಯಾಬಿನ ಕೆಲಸ. ಆದರೆ ಯಾವ ಜಾಗದ ಬಳಚನ್ನು ಮೊದಲು ಲ್ಯಾಬಿಗೆ ಕಳಿಸಬೇಕು ಅನ್ನುವುದನ್ನು ಈ ಪಟ್ಟಿ ಹಿಡಿದು ದೋಣಿಯಲ್ಲೇ ತೀರ್ಮಾನ ಮಾಡಬಹುದು.