ಕಾರ್ಖಾನೆ ತಪಾಸಣೆಯಿಂದ ಕ್ಯಾಬಿನೆಟ್‌ಗೆ: ಫ್ರಾನ್ಸಿಸ್ ಪರ್ಕಿನ್ಸ್ ಕಾನೂನು ಕಟ್ಟಿದ ಬಗೆ

[ತೆರೆಯ ಮೇಲೆ: ಕಬ್ಬಿಣದ ಏಣಿಯ ರೇಖಾಚಿತ್ರ. ಏಣಿಯ ತುದಿಗೂ ನೆಲಕ್ಕೂ ನಡುವೆ ಬಾಣದ ಗುರುತು – 12 ಅಡಿ]

ಗೋಡೆಯಲ್ಲೊಂದು ಕಿಂಡಿ. ಅದರಾಚೆ ನೆಟ್ಟಗೆ ಇಳಿಯುವ ಕಬ್ಬಿಣದ ಏಣಿ, ಅದರ ಮೈತುಂಬ ಮಂಜುಗಡ್ಡೆ. ನೆಲಕ್ಕೆ ಇನ್ನೂ 12 ಅಡಿ ಇರುವಾಗಲೇ ಏಣಿ ಮುಗಿದುಹೋಗುತ್ತದೆ. ನ್ಯೂಯಾರ್ಕ್ ರಾಜ್ಯದ ಒಂದು ಕಾರ್ಖಾನೆಯಲ್ಲಿ ಬೆಂಕಿ ಬಿದ್ದರೆ ತಪ್ಪಿಸಿಕೊಳ್ಳೋಕೆ ಇದ್ದ ದಾರಿ ಇದು. ಆ ಕಿಂಡಿಯಲ್ಲಿ ಒಮ್ಮೆ ತೆವಳಿಕೊಂಡು ಹೋದವರು ರಾಜ್ಯದ ಸೆನೆಟರ್ ರಾಬರ್ಟ್ ವ್ಯಾಗ್ನರ್. ಅವರನ್ನು ಅಲ್ಲಿಗೆ ಕರೆದೊಯ್ದು ತೆವಳುವಂತೆ ಮಾಡಿದವರಲ್ಲಿ ಫ್ರಾನ್ಸಿಸ್ ಪರ್ಕಿನ್ಸ್ ಒಬ್ಬರು.

ನಮಸ್ಕಾರ. ಪರ್ಕಿನ್ಸ್ 1933ರಿಂದ 1945ರವರೆಗೆ ಅಮೆರಿಕದ ಕಾರ್ಮಿಕ ಸಚಿವೆ. ಅಲ್ಲಿನ ಕ್ಯಾಬಿನೆಟ್‌ನಲ್ಲಿ ಕೂತ ಮೊದಲ ಮಹಿಳೆ. ಸಮಾಜಸೇವೆಯಿಂದ ರಾಜಕೀಯಕ್ಕೆ ಬಂದವರ ಬಗ್ಗೆ ಮಾತಾಡುವಾಗ ಎಲ್ಲರೂ ಅವರ ಕರುಣೆಯನ್ನೇ ಹೊಗಳುತ್ತಾರೆ. ಆ ಕಾಲದಲ್ಲಿ ಕರುಣೆಗೇನೂ ಬರ ಇರಲಿಲ್ಲ. ಮಸೂದೆಯ ಯಾವ ಕಲಂ ಬಿಟ್ಟುಕೊಟ್ಟರೆ ಉಳಿದದ್ದು ಪಾಸಾಗುತ್ತದೆ ಅನ್ನೋ ಲೆಕ್ಕ ಗೊತ್ತಿದ್ದವರು ಕಡಿಮೆ. ಪರ್ಕಿನ್ಸ್‌ಗೆ ಅದು ಗೊತ್ತಿತ್ತು. ಬಿಟ್ಟುಕೊಟ್ಟ ಕಲಂನ ಬೆಲೆ ತೆತ್ತವರು ಯಾರು ಅನ್ನೋದನ್ನೂ ಈ ವಿಡಿಯೋದಲ್ಲಿ ನೋಡೋಣ.

[ತೆರೆಯ ಮೇಲೆ: ಶಿಕಾಗೋ, ಹಲ್ ಹೌಸ್]

ಹುಟ್ಟಿದ್ದು 1880, ಬಾಸ್ಟನ್. 1902ರಲ್ಲಿ ಮೌಂಟ್ ಹೋಲಿಯೋಕ್ ಕಾಲೇಜಿನಿಂದ ಪದವಿ. ಶಿಕಾಗೋ ಹತ್ತಿರ ಟೀಚರ್ ಆಗಿದ್ದಾಗ ಬಿಡುವಿನಲ್ಲಿ ಹಲ್ ಹೌಸ್‌ಗೆ ಹೋಗುತ್ತಿದ್ದರು. ಇದು ಜೇನ್ ಆಡಮ್ಸ್ ನಡೆಸುತ್ತಿದ್ದ ಸೆಟಲ್‌ಮೆಂಟ್ ಹೌಸ್. ಅಂದರೆ, ಓದಿದವರು ಬಡವರ ಕೇರಿಯಲ್ಲೇ ಮನೆ ಮಾಡಿಕೊಂಡು, ಅಕ್ಕಪಕ್ಕದವರ ಕೂಲಿ, ಬಾಡಿಗೆ, ಕಾಯಿಲೆ ಎಲ್ಲವನ್ನೂ ದಾಖಲಿಸಿಕೊಂಡು ಕೆಲಸ ಮಾಡುವ ಜಾಗ. 1907ರಲ್ಲಿ ಫಿಲಡೆಲ್ಫಿಯಾಕ್ಕೆ ಹೋದರು. ವಲಸೆ ಬಂದ ಹುಡುಗಿಯರಿಗೆ ಕೆಲಸದ ಆಸೆ ತೋರಿಸಿ ವೇಶ್ಯಾವಾಟಿಕೆಗೆ ತಳ್ಳುತ್ತಿದ್ದ ಏಜೆನ್ಸಿಗಳ ಜಾಡು ಹಿಡಿಯೋದು ಅಲ್ಲಿನ ಕೆಲಸ. ಆಮೇಲೆ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯ, ಶಾಲಾ ಮಕ್ಕಳ ಅಪೌಷ್ಟಿಕತೆಯ ಅಧ್ಯಯನ, 1910ರಲ್ಲಿ ಸ್ನಾತಕೋತ್ತರ ಪದವಿ. ಅದೇ ವರ್ಷ ನ್ಯೂಯಾರ್ಕ್ ಕನ್ಸ್ಯೂಮರ್ಸ್ ಲೀಗ್‌ನ ಹೊಣೆ. ಇದು ದುಡಿಯುವವರ ಸ್ಥಿತಿ ಸುಧಾರಿಸಲು ಹೋರಾಡುತ್ತಿದ್ದ ಗ್ರಾಹಕರ ಸಂಘಟನೆ. ನೆಲಮಾಳಿಗೆಯ ಬೇಕರಿಗಳಿಗೆ ಇಳಿದು ಕೊಳಕನ್ನು ಕಣ್ಣಾರೆ ಕಂಡು ವರದಿ ಬರೆದರು.

[ತೆರೆಯ ಮೇಲೆ: 1911 ಮಾರ್ಚ್ 25, ಶನಿವಾರ. ಹತ್ತು ಅಂತಸ್ತಿನ ಕಟ್ಟಡದ ಅಡ್ಡಸೀಳು ಚಿತ್ರ. 8, 9, 10ನೇ ಮಹಡಿ ಕೆಂಪು]

ಆ ಸಂಜೆ ಪರ್ಕಿನ್ಸ್ ವಾಷಿಂಗ್ಟನ್ ಸ್ಕ್ವೇರ್ ಪಕ್ಕದ ಒಂದು ಮನೆಗೆ ಚಹಾಕ್ಕೆ ಹೋಗಿದ್ದರು. ಗದ್ದಲ ಕೇಳಿ ಓಡಿದರೆ, ಟ್ರಯಾಂಗಲ್ ಬಟ್ಟೆ ಕಾರ್ಖಾನೆ ಉರಿಯುತ್ತಿದೆ, ಹುಡುಗಿಯರು ಕಿಟಕಿಯಿಂದ ಧುಮುಕುತ್ತಿದ್ದಾರೆ. ಸತ್ತವರು 146 ಮಂದಿ. ಏನೇನು ಕೈಕೊಟ್ಟಿತು ನೋಡಿ. ಸಾಮಾನು ಕಳುವಾಗುತ್ತದೆ ಅಂತ 9ನೇ ಮಹಡಿಯ ಒಂದು ಬಾಗಿಲಿಗೆ ಬೀಗ. ಹಿಂಬದಿಯ ಕಬ್ಬಿಣದ ಮೆಟ್ಟಿಲು ಜನರ ಭಾರಕ್ಕೆ ಕಳಚಿ ಬಿತ್ತು. ಅಗ್ನಿಶಾಮಕ ದಳದ ಏಣಿ ಬೆಂಕಿ ಇದ್ದ ಮಹಡಿಗಳಿಗೆ ಎಟುಕಲೇ ಇಲ್ಲ. ಬಲೆ ಹಿಡಿದರೆ, ಅಷ್ಟೆತ್ತರದಿಂದ ಬಿದ್ದ ರಭಸಕ್ಕೆ ಅದೂ ಹರಿಯಿತು.

ರಾಜ್ಯ ಸರ್ಕಾರ ಕಾರ್ಖಾನೆ ತನಿಖಾ ಆಯೋಗ ನೇಮಿಸಿತು. ವ್ಯಾಗ್ನರ್ ಅಧ್ಯಕ್ಷ, ಆಲ್ ಸ್ಮಿತ್ ಉಪಾಧ್ಯಕ್ಷ. ಇಬ್ಬರೂ ಪಕ್ಕಾ ಟ್ಯಾಮನಿ ಹಾಲ್‌ನ, ಅಂದರೆ ನ್ಯೂಯಾರ್ಕ್ ನಗರದ ಡೆಮಾಕ್ರಟಿಕ್ ಪಕ್ಷವನ್ನು ಹಿಡಿತದಲ್ಲಿಟ್ಟುಕೊಂಡಿದ್ದ ಕೂಟದ ರಾಜಕಾರಣಿಗಳು. ಪರ್ಕಿನ್ಸ್ ಇವರ ಕೈಗೆ ವರದಿ ಕೊಟ್ಟು ಸುಮ್ಮನೆ ಕೂರಲಿಲ್ಲ, ನಸುಕಿನಲ್ಲೇ ಹೊರಡಿಸಿಕೊಂಡು ಹೋದರು. ಹಗ್ಗದ ಕಾರ್ಖಾನೆಯಿಂದ ರಾತ್ರಿ ಪಾಳಿ ಮುಗಿಸಿ ಬರುವ ಹೆಂಗಸರನ್ನು ತೋರಿಸಿದರು. ಆಹಾರ ಡಬ್ಬಿಗೆ ತುಂಬುವ ಕ್ಯಾನರಿಯಲ್ಲಿ ಐದಾರು ವರ್ಷದ ಮಕ್ಕಳು ಬೀನ್ಸ್ ಬಿಡಿಸುತ್ತ ಕೂತಿದ್ದನ್ನು ತೋರಿಸಿದರು. ಮಂಜುಗಟ್ಟಿದ ಏಣಿಯೂ ಈ ಸುತ್ತಾಟದ್ದೇ. ಅಂಕಿಅಂಶ ಕೊಟ್ಟರೆ ಶಾಸಕ ತಲೆಯಾಡಿಸಿ ಮರೆಯುತ್ತಾನೆ, ಮಂಡಿ ತರಚಿದರೆ ಮರೆಯೋದಿಲ್ಲ. ತುರ್ತು ಬಾಗಿಲಿಗೆ ಬೀಗ ಹಾಕಬಾರದು, ಅಗ್ನಿ ಕವಾಯತು ನಡೆಸಬೇಕು, ಎತ್ತರದ ಕಾರ್ಖಾನೆಗಳಲ್ಲಿ ಬೆಂಕಿ ಬಿದ್ದರೆ ತಾನಾಗಿ ನೀರು ಚಿಮ್ಮುವ ಸ್ಪ್ರಿಂಕ್ಲರ್ ಇರಬೇಕು – ಇಂಥ ಕಾನೂನುಗಳು ಮುಂದಿನ ಎರಡು ಮೂರು ವರ್ಷಗಳಲ್ಲಿ ಸಾಲುಸಾಲಾಗಿ ಬಂದವು.

ಈ ನಡುವೆ, 1912ರಲ್ಲಿ, ಆಕೆಯ ಮೊದಲ ದೊಡ್ಡ ರಾಜಿ. ಹೆಂಗಸರ ದುಡಿಮೆ ವಾರಕ್ಕೆ 54 ಗಂಟೆ ಮೀರಬಾರದು ಅನ್ನೋ ಮಸೂದೆ. ಇಂಥದ್ದನ್ನು ಕೊಲ್ಲೋಕೆ ಹಳೆಯ ತಂತ್ರವೊಂದಿದೆ. ಎರಡು ಸದನಗಳೂ ಬೇರೆಬೇರೆ ರೂಪದಲ್ಲಿ ಪಾಸು ಮಾಡೋದು, ಅಧಿವೇಶನ ಮುಗಿಯುವವರೆಗೆ ಎಳೆದಾಡೋದು. ಪಾಸು ಮಾಡಿದ ಹೆಸರೂ ಬಂತು, ಕಾನೂನೂ ಆಗಲಿಲ್ಲ! ಲೀಗ್ ಕೊಟ್ಟಿದ್ದ ಸೂಚನೆ ಸ್ಪಷ್ಟ: ಕ್ಯಾನರಿಗಳಿಗೆ ವಿನಾಯಿತಿ ಒಪ್ಪಬೇಡಿ. ಕೊನೆಗಳಿಗೆಯಲ್ಲಿ ಪರ್ಕಿನ್ಸ್ ಒಪ್ಪಿದರು. ಸುಮಾರು ನಾಲ್ಕು ಲಕ್ಷ ಹೆಂಗಸರು ಒಳಗೆ ಬಂದರು, ಕ್ಯಾನರಿಗಳ ಸುಮಾರು 50 ಸಾವಿರ ಮಂದಿ ಹೊರಗೆ. ಬೈಗುಳ ಕಾದಿದೆ ಅಂದುಕೊಂಡು ಹಿಂದಿರುಗಿದರೆ, ಲೀಗ್‌ನ ಹಿರಿಯರಾದ ಫ್ಲಾರೆನ್ಸ್ ಕೆಲ್ಲಿ ಬೆನ್ನು ತಟ್ಟಿದರು.

ಆಲ್ ಸ್ಮಿತ್ ಗವರ್ನರ್ ಆದಾಗ, 1919ರಲ್ಲಿ, ಪರ್ಕಿನ್ಸ್ ರಾಜ್ಯದ ಕೈಗಾರಿಕಾ ಆಯೋಗದ ಸದಸ್ಯೆ. ವರ್ಷಕ್ಕೆ 8,000 ಡಾಲರ್ ಸಂಬಳ, ಆ ಕಾಲಕ್ಕೆ ಭಾರಿ ಮೊತ್ತ. 1929ರಲ್ಲಿ ಗವರ್ನರ್ ಫ್ರಾಂಕ್ಲಿನ್ ರೂಸ್ವೆಲ್ಟ್ ಆಕೆಯನ್ನು ರಾಜ್ಯದ ಕಾರ್ಮಿಕ ಇಲಾಖೆಯ ಮುಖ್ಯಸ್ಥೆ ಮಾಡಿದರು. 1930ರ ಜನವರಿಯಲ್ಲಿ, ಉದ್ಯೋಗ ಚೇತರಿಸಿಕೊಳ್ಳುತ್ತಿದೆ ಅಂತ ಅಧ್ಯಕ್ಷ ಹೂವರ್ ಕಡೆಯಿಂದ ಸುದ್ದಿ ಬಂತು. ನ್ಯೂಯಾರ್ಕ್ ಕಾರ್ಖಾನೆಗಳ ಲೆಕ್ಕ ಪರ್ಕಿನ್ಸ್ ಕೈಯಲ್ಲಿತ್ತು. ಗವರ್ನರನ್ನೂ ಕೇಳದೆ ಪತ್ರಿಕೆಗಳಿಗೆ ಹೇಳಿಬಿಟ್ಟರು: ಇದು ಸುಳ್ಳು. ರೂಸ್ವೆಲ್ಟ್ ಖುಷಿಪಟ್ಟರಂತೆ.

1933ರ ಫೆಬ್ರವರಿ. ಅಧ್ಯಕ್ಷರಾಗಲಿದ್ದ ರೂಸ್ವೆಲ್ಟ್ ಕಾರ್ಮಿಕ ಸಚಿವ ಸ್ಥಾನ ಕೊಡೋಕೆ ಕರೆದಾಗ ಪರ್ಕಿನ್ಸ್ ತಮ್ಮ ಷರತ್ತುಗಳ ಪಟ್ಟಿ ಮುಂದಿಟ್ಟರು: ನಿರುದ್ಯೋಗಿಗಳಿಗೆ ಪರಿಹಾರ, ಸಾರ್ವಜನಿಕ ಕಾಮಗಾರಿ, ಕನಿಷ್ಠ ಕೂಲಿ, ದುಡಿಮೆಯ ಗಂಟೆಗೆ ಮಿತಿ, ನಿರುದ್ಯೋಗ ಮತ್ತು ವೃದ್ಧಾಪ್ಯ ವಿಮೆ, ಬಾಲಕಾರ್ಮಿಕ ಪದ್ಧತಿಗೆ ತಡೆ. ಇದಕ್ಕೆ ಬೆಂಬಲ ಇಲ್ಲದಿದ್ದರೆ ನಾನು ನಿಮಗೆ ಬೇಡ, ಅಂದರು. ಅವರು ಒಪ್ಪಿದರು.

[ತೆರೆಯ ಮೇಲೆ: ಸೋಶಿಯಲ್ ಸೆಕ್ಯುರಿಟಿ ಕಾಯ್ದೆ, 1935 ಆಗಸ್ಟ್ 14]

ಒಪ್ಪಿದ್ದೇನೋ ಸರಿ. ಆದರೆ ಸುಪ್ರೀಂ ಕೋರ್ಟ್? ಬಾಲಕಾರ್ಮಿಕರ ಬಗೆಗಿನ ಒಕ್ಕೂಟ ಕಾನೂನನ್ನು ಅದು 1918ರಲ್ಲಿ ಒಮ್ಮೆ, 1922ರಲ್ಲಿ ಮತ್ತೊಮ್ಮೆ ರದ್ದು ಮಾಡಿತ್ತು. 1934ರಲ್ಲಿ ಒಂದು ಚಹಾಕೂಟದಲ್ಲಿ ನ್ಯಾಯಮೂರ್ತಿ ಹಾರ್ಲನ್ ಸ್ಟೋನ್ ಪರ್ಕಿನ್ಸ್ ಕಿವಿಯಲ್ಲಿ ಸುಳಿವು ಕೊಟ್ಟರು: ತೆರಿಗೆ ಹಾಕುವ ಅಧಿಕಾರ ಬಳಸಿಕೊಳ್ಳಿ. ಈಗಿನ ಕಾಲದಲ್ಲಾಗಿದ್ದರೆ ಇದಕ್ಕೇ ಒಂದು ವಾರ ಟಿವಿ ಚರ್ಚೆ ನಡೆಯುತ್ತಿತ್ತು.

1935ರ ಸೋಶಿಯಲ್ ಸೆಕ್ಯುರಿಟಿ ಕಾಯ್ದೆ, ಅಂದರೆ ಸಾಮಾಜಿಕ ಭದ್ರತಾ ಕಾಯ್ದೆ, ತೆರಿಗೆಯ ಈ ದಾರಿಯನ್ನೇ ಹಿಡಿಯಿತು. ಅದರಲ್ಲಿನ ನಿರುದ್ಯೋಗ ವಿಮೆಯ ಯಂತ್ರ ಸ್ವಲ್ಪ ನಿಧಾನವಾಗಿ ನೋಡಬೇಕು. ಎಂಟು ಅಥವಾ ಹೆಚ್ಚು ಮಂದಿಗೆ ಕೆಲಸ ಕೊಟ್ಟ ಮಾಲೀಕರ ಮೇಲೆ ಕೇಂದ್ರದ ತೆರಿಗೆ – ಕೊಡುವ ಸಂಬಳದ ಶೇ. 1 ಭಾಗ 1936ಕ್ಕೆ, ಶೇ. 2 ಮರುವರ್ಷಕ್ಕೆ, ಶೇ. 3 ಆಮೇಲೆ. ಆದರೆ ಮಾಲೀಕ ತನ್ನ ರಾಜ್ಯದ ನಿರುದ್ಯೋಗ ನಿಧಿಗೆ ಹಣ ಕಟ್ಟಿದ್ದರೆ, ಕೇಂದ್ರದ ತೆರಿಗೆಯಲ್ಲಿ ಶೇ. 90ರವರೆಗೆ ಮಾಫಿ. ರಾಜ್ಯ ಕಾನೂನು ಮಾಡದೆ ಕೂತರೆ ಅಲ್ಲಿನ ದುಡ್ಡೆಲ್ಲ ವಾಷಿಂಗ್ಟನ್‌ಗೆ ಹೋಗುತ್ತದೆ, ಆ ರಾಜ್ಯದ ನಿರುದ್ಯೋಗಿಗೆ ಚಿಕ್ಕಾಸೂ ಸಿಗೋದಿಲ್ಲ. ಯಾರ ಮೇಲೂ ಬಲವಂತ ಇಲ್ಲ, ಹಾಗಂತ ತಪ್ಪಿಸಿಕೊಳ್ಳೋಕೂ ಆಗೋದಿಲ್ಲ. ಕಾಯ್ದೆಗೆ ಮುಂಚೆಯೇ, ಎಲ್ಲ ರಾಜ್ಯಗಳಿಗಿಂತ ಮೊದಲು ಇಂಥ ಕಾನೂನು ಮಾಡಿದ್ದದ್ದು ವಿಸ್ಕಾನ್ಸಿನ್. ಎರಡು ವರ್ಷ ಕಳೆಯುವಷ್ಟರಲ್ಲಿ ಎಲ್ಲ ರಾಜ್ಯಗಳೂ ಸಾಲಿನಲ್ಲಿ ನಿಂತವು. 1937ರ ಮೇ ತಿಂಗಳಲ್ಲಿ ಕೋರ್ಟ್ ಇದನ್ನು ಎತ್ತಿಹಿಡಿಯಿತು.

ವೃದ್ಧಾಪ್ಯ ಪಿಂಚಣಿ ಮಾತ್ರ ಪೂರ್ತಿ ಕೇಂದ್ರದ್ದೇ. ವರ್ಷದ ಮೊದಲ 3,000 ಡಾಲರ್ ಗಳಿಕೆಯ ಮೇಲೆ ನೌಕರನಿಂದ ಶೇ. 1, ಮಾಲೀಕನಿಂದ ಶೇ. 1. ಕಡಿತ 1937ರ ಜನವರಿಯಿಂದ, ತಿಂಗಳ ಪಿಂಚಣಿ ಶುರುವಾಗಿದ್ದು 1940ರಲ್ಲಿ. ಮೊದಲ ಚೆಕ್ ವರ್ಮಾಂಟ್‌ನ ಒಬ್ಬ ನಿವೃತ್ತ ಗುಮಾಸ್ತೆಗೆ, 22 ಡಾಲರ್ 54 ಸೆಂಟ್. ಆಕೆ ಮೂರು ವರ್ಷದಲ್ಲಿ ಕಟ್ಟಿದ್ದು ಒಟ್ಟು 24 ಡಾಲರ್ 75 ಸೆಂಟ್. ಆದರೆ ಕಡಿತಕ್ಕೂ ಪಾವತಿಗೂ ನಡುವಿನ ಈ ಅಂತರ ಕೆಡುಕನ್ನೂ ಮಾಡಿತು. ಜನರ ಜೇಬಿನಿಂದ ದುಡ್ಡು ಹೋಗುತ್ತಿದೆ, ವಾಪಸ್ ಬರುತ್ತಿಲ್ಲ. 1937ರಲ್ಲಿ ಮರುಕಳಿಸಿದ ಹಿಂಜರಿತಕ್ಕೆ ಇದೂ ಒಂದು ಕಾರಣ.

ಈಗ ಬಿಟ್ಟುಕೊಟ್ಟದ್ದರ ಪಟ್ಟಿ. ಆರೋಗ್ಯ ವಿಮೆ: ಮಸೂದೆಯಲ್ಲಿ ಇದ್ದದ್ದು 'ಅಧ್ಯಯನ ಮಾಡಲಾಗುವುದು' ಅನ್ನೋ ಅರ್ಥದ ಒಂದು ಸಾಲು. ವೈದ್ಯರ ಸಂಘದವರು ಟೆಲಿಗ್ರಾಂಗಳ ಮಳೆ ಸುರಿಸಿದರು, ಆ ಸಾಲೂ ಹೋಯಿತು. ಯೋಜನೆ ನಡೆಸುವ ಮಂಡಳಿ ತಮ್ಮ ಇಲಾಖೆಯಡಿ ಇರಲಿ ಅಂತ ಪರ್ಕಿನ್ಸ್ ಬಯಸಿದ್ದರು, ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಅದನ್ನು ಸ್ವತಂತ್ರ ಮಾಡಿತು. ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಕೃಷಿ ಕೂಲಿಗಳಿಗೆ ಮತ್ತು ಮನೆಗೆಲಸದವರಿಗೆ. ಪರ್ಕಿನ್ಸ್ ಅಧ್ಯಕ್ಷತೆಯಲ್ಲಿ ಯೋಜನೆ ರೂಪಿಸಿದ ಸಮಿತಿಯ ಕರಡು ಪಿಂಚಣಿಯಲ್ಲಿ ಅವರನ್ನು ಸೇರಿಸಿತ್ತು. ಲಕ್ಷಾಂತರ ಸಣ್ಣ ಮಾಲೀಕರಿಂದ ತೆರಿಗೆ ವಸೂಲಿ ಆಗದ ಮಾತು ಅಂತ ಖಜಾನೆ ಸಚಿವ ಮಾರ್ಗೆಂಥೌ ಸಾಕ್ಷ್ಯ ಹೇಳಿದರು, ಕಾಂಗ್ರೆಸ್ ತೆಗೆದುಹಾಕಿತು. ದಕ್ಷಿಣದ ರಾಜ್ಯಗಳಲ್ಲಿ ದುಡಿಯುವ ಕಪ್ಪು ಜನರು ಬಹುಪಾಲು ಇದ್ದದ್ದು ಈ ಎರಡು ಕೆಲಸಗಳಲ್ಲೇ. ಕಾರಣ ಆಡಳಿತದ್ದೇ ಇರಬಹುದು, ಬರೆ ಬಿದ್ದದ್ದು ಯಾರಿಗೆ ಅನ್ನೋದರಲ್ಲಿ ಅನುಮಾನ ಇಲ್ಲ.

ಕನಿಷ್ಠ ಕೂಲಿಯ ಮಸೂದೆಯದು ಕಾಯುವ ಕಥೆ. ಕೋರ್ಟ್ ಮೆತ್ತಗಾಗುವವರೆಗೆ ಅದರ ಕರಡು ಪರ್ಕಿನ್ಸ್ ಮೇಜಿನ ಡ್ರಾಯರ್‌ನಲ್ಲೇ ಇತ್ತು. 1938ರಲ್ಲಿ ಕಾನೂನಾಯಿತು: ಗಂಟೆಗೆ 25 ಸೆಂಟ್, ವಾರಕ್ಕೆ 44 ಗಂಟೆ, ಹಂತಹಂತವಾಗಿ 40ಕ್ಕೆ ಇಳಿಕೆ. ಅಲ್ಲೂ ಕೃಷಿ ಕೂಲಿಗಳು ಹೊರಗೇ.

[ತೆರೆಯ ಮೇಲೆ: 1939 ಜನವರಿ, ಮಹಾಭಿಯೋಗದ ನಿರ್ಣಯ]

ಆಗ ವಲಸೆ ಇಲಾಖೆಯೂ ಕಾರ್ಮಿಕ ಸಚಿವರ ಕೈಯಲ್ಲೇ ಇತ್ತು. ಆಸ್ಟ್ರೇಲಿಯಾ ಮೂಲದ ಬಂದರು ಕಾರ್ಮಿಕ ನಾಯಕ ಹ್ಯಾರಿ ಬ್ರಿಡ್ಜಸ್ ಕಮ್ಯುನಿಸ್ಟ್, ಗಡೀಪಾರು ಮಾಡಿ ಅಂತ ಕೂಗೆದ್ದಿತು. ಅಂಥದ್ದೇ ಇನ್ನೊಂದು ಪ್ರಕರಣ ಸುಪ್ರೀಂ ಕೋರ್ಟ್‌ನಲ್ಲಿದೆ, ತೀರ್ಪು ಬರಲಿ ಅಂದರು ಪರ್ಕಿನ್ಸ್. ಅಷ್ಟಕ್ಕೇ ಮಹಾಭಿಯೋಗ. ಮಾರ್ಚ್‌ನಲ್ಲಿ ನ್ಯಾಯ ಸಮಿತಿ ಹುರುಳಿಲ್ಲ ಅಂತ ಕೈಬಿಟ್ಟಿತು. ಏಪ್ರಿಲ್‌ನಲ್ಲಿ ಬಂದ ತೀರ್ಪು, ಹಿಂದೊಮ್ಮೆ ಕಮ್ಯುನಿಸ್ಟ್ ಪಕ್ಷದ ಸದಸ್ಯನಾಗಿದ್ದ ಮಾತ್ರಕ್ಕೆ ಗಡೀಪಾರು ಸಲ್ಲದು ಅಂದಿತು. ಮರುವರ್ಷ ವಲಸೆ ಇಲಾಖೆಯನ್ನು ನ್ಯಾಯ ಇಲಾಖೆಗೆ ವರ್ಗಾಯಿಸಿದರು.

1945ರಲ್ಲಿ ಸಚಿವ ಸ್ಥಾನ ಬಿಟ್ಟ ಮೇಲೆ 1953ರವರೆಗೆ ನಾಗರಿಕ ಸೇವಾ ಆಯೋಗ, ಆಮೇಲೆ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪಾಠ. ತೀರಿಕೊಂಡಿದ್ದು 1965ರ ಮೇ 14.

ಹೊರಗುಳಿದಿದ್ದ ಕೃಷಿ ಕೂಲಿಗಳನ್ನು, ಮನೆಗೆಲಸದವರನ್ನು ಪಿಂಚಣಿಗೆ ಸೇರಿಸುವ ಕೆಲಸ 1950ರಲ್ಲಿ ಶುರುವಾಯಿತು, ಅದೂ ಅರೆಬರೆ. ಮನೆಗೆಲಸದವಳು ಒಬ್ಬರೇ ಮಾಲೀಕರ ಬಳಿ ಮೂರು ತಿಂಗಳಲ್ಲಿ ಕನಿಷ್ಠ 24 ದಿನ ದುಡಿದು, 50 ಡಾಲರ್ ನಗದು ಪಡೆದಿದ್ದರೆ ಮಾತ್ರ ಲೆಕ್ಕಕ್ಕೆ. ವಾರಕ್ಕೊಂದು ದಿನದಂತೆ ನಾಲ್ಕೈದು ಮನೆಗಳಿಗೆ ಹೋಗುವವಳಿಗೆ ಮೂರು ತಿಂಗಳಲ್ಲಿ ಒಂದೊಂದು ಮನೆಯಲ್ಲೂ 13 ದಿನ ಆಗುತ್ತಿತ್ತು, ಅಷ್ಟೇ. ವಾರಪೂರ್ತಿ ದುಡಿದರೂ ಆಕೆ ಹೊರಗೆ. ದಿನಗಳ ಷರತ್ತನ್ನು 1954ರ ತಿದ್ದುಪಡಿ ಕಿತ್ತುಹಾಕಿತು. 50 ಡಾಲರಿನ ಷರತ್ತು ಹಾಗೇ ಉಳಿಯಿತು.