ಮೇ 31ರಂದು ಹುಟ್ಟಿದವರು

ಕೇಳುಗರಿಗೆ ನಮಸ್ಕಾರ.

ನಮ್ಮ ಅಡುಗೆಮನೆಯ ಗಡಿಯಾರ ಹತ್ತು ನಿಮಿಷ ಮುಂದಿದೆ. ಮಗಳ ಶಾಲೆಯ ಬಸ್ಸು ತಪ್ಪದಿರಲಿ ಎಂದು ನನ್ನ ಹೆಂಡತಿ ಎಂದೋ ಹಾಗೆ ಇಟ್ಟಳು. ಮಗಳು ಶಾಲೆ ಮುಗಿಸಿ, ಮದುವೆಯಾಗಿ, ಬೇರೆ ಊರು ಸೇರಿದಳು. ಗಡಿಯಾರ ಮಾತ್ರ ಇನ್ನೂ ಮುಂದೆಯೇ ಓಡುತ್ತಿದೆ. ಅದರಿಂದ ನಮಗೇನೂ ತೊಂದರೆಯಿಲ್ಲ, ಮುಳ್ಳು ಏಳೂಕಾಲು ತೋರಿಸಿದರೆ ಇಬ್ಬರೂ ಮನಸ್ಸಿನಲ್ಲೇ ಹತ್ತು ಕಳೆದು ಏಳೂ ಐದು ಎಂದುಕೊಳ್ಳುತ್ತೇವೆ. ಒಮ್ಮೆ ನನ್ನ ಭಾವಮೈದುನ ಬಂದಿದ್ದ. ಆ ಗಡಿಯಾರವನ್ನು ನಂಬಿ ಅರ್ಧ ಲೋಟ ಕಾಫಿ ಹಾಗೆಯೇ ಬಿಟ್ಟು ರೈಲು ನಿಲ್ದಾಣಕ್ಕೆ ಓಡಿದ. ಮುಂದಿಟ್ಟ ಗಡಿಯಾರ ತಪ್ಪಲ್ಲ, ಕಳೆಯುವ ಲೆಕ್ಕ ಗೊತ್ತಿಲ್ಲದವನು ಅದನ್ನು ಓದಿದಾಗ ತಪ್ಪು ಹುಟ್ಟುತ್ತದೆ. ಈ ಮಾತು ನನಗೆ ಚೆನ್ನಾಗಿ ಅರ್ಥವಾದದ್ದು ಅಡುಗೆಮನೆಯಲ್ಲಲ್ಲ, ಒಂದು ಪಿಂಚಣಿ ಪಟ್ಟಿಯ ಮುಂದೆ.

ನಾನು ಪ್ರೋಗ್ರಾಂ ಬರೆಯಲು ಕುಳಿತದ್ದು 1986ರಲ್ಲಿ. ಕೋಬಾಲ್ ಎಂಬ ಭಾಷೆಯಿಂದ ಶುರು ಮಾಡಿ, ಬಂದ ಭಾಷೆಗಳನ್ನೆಲ್ಲ ಕಲಿತು, ಕಲಿತದ್ದರಲ್ಲಿ ಅರ್ಧ ಮರೆತು, ಈಗ ನಿವೃತ್ತನಾಗಿದ್ದೇನೆ. ನಡುವೆ ಕೆಲವು ವರ್ಷ ಒಂದು ಕಚೇರಿಯ ಹಳೆಯ ಪಿಂಚಣಿ ದಾಖಲೆಗಳನ್ನು ಹೊಸ ವ್ಯವಸ್ಥೆಗೆ ಸಾಗಿಸುವ ಕೆಲಸ ಮಾಡಿದೆ. ಕಚೇರಿಯ ಹೆಸರು ಬೇಡ, ಅಲ್ಲಿಯವರು ಒಳ್ಳೆಯವರು.

ಸಾಗಣೆ ಮುಗಿದ ಎರಡನೆಯ ವಾರ ಒಬ್ಬ ನಿವೃತ್ತ ಮೇಷ್ಟರು ಬಂದರು. ಪುತ್ತೂರಿನ ಕಡೆಯವರು, ಎಪ್ಪತ್ತರ ಆಸುಪಾಸು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಮಡಿಕೆಗಳಲ್ಲಿ ಹರಿಯಲಿದ್ದ ಎಸ್ಸೆಸ್ಸೆಲ್ಸಿ ಪ್ರಮಾಣಪತ್ರ. ಅದರಲ್ಲಿ ಅವರ ಹುಟ್ಟಿದ ದಿನಾಂಕ 1944ರ ಜೂನ್ 1. ನಾವು ಕಳಿಸಿದ ಹೊಸ ಪತ್ರದಲ್ಲಿ 1944ರ ಮೇ 31. ಎರಡು ಕಾಗದ ಎರಡು ದಿನಾಂಕ ಹೇಳಿದರೆ ನವೆಂಬರಿನಲ್ಲಿ ಬದುಕಿದ್ದೇನೆಂದು ತೋರಿಸಲು ಹೋದಾಗ ಬ್ಯಾಂಕಿನವರು ಏನು ಕೇಳಿಯಾರೋ ಎಂಬುದು ಅವರ ಆತಂಕ. ನಾನು ಉದ್ಧಟನಾಗಿ, ಯಾರೋ ಬೆರಳಚ್ಚಿನಲ್ಲಿ ತಪ್ಪು ಮಾಡಿದ್ದಾರೆ, ಸರಿಪಡಿಸುತ್ತೇನೆ ಎಂದು ಹೇಳಿ ಕಳಿಸಿದೆ.

ಸಂಜೆ ಸುಮ್ಮನೆ ಕುತೂಹಲಕ್ಕೆ ಇಡೀ ಪಟ್ಟಿಯನ್ನು ಹುಟ್ಟಿದ ದಿನಾಂಕದ ಪ್ರಕಾರ ಜೋಡಿಸಿ ನೋಡಿದೆ. ಮೊದಲು ಕಂಡದ್ದು ನಿರೀಕ್ಷಿಸಿದ್ದೇ. ದಿನಾಂಕ ತುಂಬದೆ ಬಿಟ್ಟವರೆಲ್ಲರೂ 1970ರ ಜನವರಿ 1ರ ಬೆಳಗಿನ ಜಾವ ಐದೂವರೆಗೆ ಹುಟ್ಟಿದ್ದರು. ಕಂಪ್ಯೂಟರುಗಳಲ್ಲಿ ಬಹುಪಾಲು ಕಾಲವನ್ನು ಎಣಿಸುವುದು ಆ ದಿನದ ಗ್ರೀನಿಚ್ ಮಧ್ಯರಾತ್ರಿಯಿಂದ, ಸೆಕೆಂಡುಗಳಲ್ಲಿ. ಅಲ್ಲಿ ಸೊನ್ನೆಯಾದಾಗ ನಮ್ಮಲ್ಲಿ ಐದೂವರೆ. ಎಲ್ಲಿಯಾದರೂ ಅಕಾರಣವಾಗಿ ಬೆಳಗಿನ ಐದೂವರೆ ಕಂಡರೆ, ಅಲ್ಲೊಂದು ಖಾಲಿ ಜಾಗ ಇದೆಯೆಂದೇ ನಮ್ಮ ಕಸುಬಿನವರು ತಿಳಿಯುತ್ತಾರೆ.

ಎರಡನೆಯದಾಗಿ ಕಂಡದ್ದು ಜೂನ್ 1ರ ಜಾತ್ರೆ. 1938, 1939, 1940, ಯಾವ ವರ್ಷ ನೋಡಿದರೂ ಜೂನ್ 1ರಂದು ಹುಟ್ಟಿದವರ ದೊಡ್ಡ ಗುಂಪು. ಇದರ ಗುಟ್ಟು ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ. ಮಗುವನ್ನು ಶಾಲೆಗೆ ಸೇರಿಸಲು ಅಪ್ಪನೋ ಮಾವನೋ ಕರೆತರುತ್ತಿದ್ದರು. ಹುಟ್ಟಿದ್ದು ಯಾವಾಗ ಎಂದರೆ "ದೊಡ್ಡ ಮಳೆ ಬಂದ ವರ್ಷ" ಎನ್ನುತ್ತಿದ್ದರು. ಹೆಡ್ಮಾಸ್ಟರು ಮಗುವಿನ ಕೈಯನ್ನು ತಲೆಯ ಮೇಲಿಂದ ದಾಟಿಸಿ ಇನ್ನೊಂದು ಬದಿಯ ಕಿವಿ ಮುಟ್ಟುತ್ತದೆಯೇ ಎಂದು ನೋಡಿ, ಮುಟ್ಟಿದರೆ ಜೂನ್ 1 ಎಂದು ಬರೆಯುತ್ತಿದ್ದರು. ನಾಡಿನ ಒಂದಿಡೀ ಪೀಳಿಗೆಗೆ ಹುಟ್ಟುಹಬ್ಬ ಕೊಟ್ಟದ್ದು ಶಾಲೆಯ ಹಾಜರಿ ಪುಸ್ತಕ.

ಮೂರನೆಯದು ನನ್ನ ನಿದ್ದೆ ಕೆಡಿಸಿತು. 1943, 1944, 1945, ಈ ಮೂರು ವರ್ಷಗಳಲ್ಲಿ ಮಾತ್ರ ಆ ಗುಂಪು ಜೂನ್ 1ರಲ್ಲಿ ಇರಲಿಲ್ಲ. ಎಲ್ಲರೂ ಒಟ್ಟಾಗಿ ಒಂದು ಹೆಜ್ಜೆ ಹಿಂದೆ ಸರಿದು ಮೇ 31ರಲ್ಲಿ ನಿಂತಿದ್ದರು. 1946ರಲ್ಲಿ ಮತ್ತೆ ಜೂನ್ 1. ಬೆರಳಚ್ಚಿನ ತಪ್ಪು ಇಷ್ಟು ಶಿಸ್ತಾಗಿ ಆಗುವುದಿಲ್ಲ.

ಮೂರು ದಿನ ನಮ್ಮ ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿದೆ. 1943 ಎಂಬ ಸಂಖ್ಯೆಯೇ ಎಲ್ಲೂ ಇಲ್ಲ. ನಾಲ್ಕನೆಯ ದಿನ ಮೇಷ್ಟರೇ ಫೋನ್ ಮಾಡಿದರು, ಕೆಲಸ ಎಲ್ಲಿಗೆ ಬಂತು ಎಂದು ವಿಚಾರಿಸಲು. ಸೋತ ದನಿಯಲ್ಲಿ ಆ ಮೂರು ವರ್ಷಗಳ ವಿಚಿತ್ರವನ್ನು ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ನನ್ನ ಜಾತಕದಲ್ಲಿ ಒಂದು ಸಾಲು ಇದೆ. 'ಯುದ್ಧಕಾಲದ ಗಂಟೆ ಒಂದು ಕಳೆದಿದೆ' ಅಂತ. ಅದೇನಾದರೂ ಇರಬಹುದೇ?" ಎಂದರು.

ಅದೇ ಆಗಿತ್ತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಗಲಿನ ಬೆಳಕನ್ನು ಹೆಚ್ಚು ಬಳಸಲೆಂದು ಬ್ರಿಟಿಷ್ ಸರ್ಕಾರ ಭಾರತದ ಗಡಿಯಾರಗಳನ್ನು ಒಂದು ಗಂಟೆ ಮುಂದೆ ಮಾಡಿತ್ತು. 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ ನಾವು ಗ್ರೀನಿಚ್‌ಗಿಂತ ಐದೂವರೆ ಗಂಟೆಯಲ್ಲ, ಆರೂವರೆ ಗಂಟೆ ಮುಂದಿದ್ದೆವು. ಸಾಮಾನ್ಯ ದಿನಗಳಲ್ಲಿಯೇ ನಮ್ಮ ಗಡಿಯಾರಕ್ಕೂ ಸೂರ್ಯನಿಗೂ ಅಷ್ಟಾಗಿ ಹೊಂದಿಕೆಯಿಲ್ಲ. ಭಾರತದ ಸಮಯವನ್ನು ಲೆಕ್ಕ ಹಾಕುವುದು ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾಯುವ 82.5 ಡಿಗ್ರಿ ಪೂರ್ವ ರೇಖಾಂಶದಿಂದ. ಪಶ್ಚಿಮಕ್ಕೆ ಸರಿದ ಒಂದೊಂದು ಡಿಗ್ರಿಗೂ ಸೂರ್ಯ ನಾಲ್ಕು ನಿಮಿಷ ತಡ. ಬೆಂಗಳೂರಿನಲ್ಲಿ ಸುಮಾರು 20 ನಿಮಿಷ, ಮಂಗಳೂರಿನಲ್ಲಿ ಸುಮಾರು ಅರ್ಧ ಗಂಟೆ. ಅದರ ಮೇಲೆ ಯುದ್ಧದ ಒಂದು ಗಂಟೆ ಸೇರಿದರೆ, ಆ ಕಾಲದ ಕರಾವಳಿಯಲ್ಲಿ ಸೂರ್ಯ ನೆತ್ತಿಗೆ ಬರುವಾಗ ಗಡಿಯಾರ ಒಂದೂವರೆ ತೋರಿಸಬೇಕು. ಜನ ಮರೆತರು. ಪಂಚಾಂಗ ನೋಡುವವರು ಮರೆಯುವಂತಿರಲಿಲ್ಲ, ಒಂದು ಗಂಟೆ ತಪ್ಪಿದರೆ ಜಾತಕದ ಲಗ್ನವೇ ಬದಲಾಗಬಹುದು.

ಮರೆಯದ ಇನ್ನೊಬ್ಬರೂ ಇದ್ದಾರೆ. ಜಗತ್ತಿನ ಯಾವ ಊರು ಯಾವಾಗ ಗಡಿಯಾರವನ್ನು ಹಿಂದೆ ಮುಂದೆ ಮಾಡಿತು ಎಂಬುದನ್ನೆಲ್ಲ ಬರೆದಿಟ್ಟ ಕಡತವೊಂದಿದೆ. ಅಮೆರಿಕದ ಆರ್ಥರ್ ಡೇವಿಡ್ ಓಲ್ಸನ್ ಎಂಬವರು 1980ರ ದಶಕದಲ್ಲಿ ಆರಂಭಿಸಿದರು, ಪಾಲ್ ಎಗರ್ಟ್ ಮತ್ತು ಅನೇಕ ಸ್ವಯಂಸೇವಕರು ಮುಂದುವರಿಸಿದರು. ನಿಮ್ಮ ಜೇಬಿನ ಮೊಬೈಲಿನಲ್ಲಿಯೂ ಅದು ಇದೆ. ಭಾರತಕ್ಕೆ ಅದರಲ್ಲಿ ಇರುವುದು ಕೆಲವೇ ಸಾಲು, ಕೋಲ್ಕತ್ತದ ಹೆಸರಿನಲ್ಲಿ. ಬೆಂಗಳೂರಿನವರೂ ಪಟ್ಟಿಯಿಂದ ಕೋಲ್ಕತ್ತವನ್ನೇ ಆರಿಸಬೇಕಾಗಿ ಬರುವುದು ಇದರಿಂದಲೇ. ಆ ಸಾಲುಗಳಲ್ಲಿ ಯುದ್ಧಕಾಲವೂ ಇದೆ. ನಾನು ಅದನ್ನು ಇಪ್ಪತ್ತು ವರ್ಷ ಬಳಸಿದ್ದೆ, ಒಮ್ಮೆಯೂ ಓದಿರಲಿಲ್ಲ.

ಇನ್ನು ಮೇಷ್ಟರ ಒಂದು ದಿನ ಹೋದದ್ದು ಹೇಗೆ? ನಮ್ಮಲ್ಲಿ ಎರಡು ಪ್ರೋಗ್ರಾಮುಗಳಿದ್ದವು, ಬರೆಯುವುದೊಂದು, ಓದುವುದೊಂದು. ಬರೆಯುವುದು ಹೊಸದು, ಆ ಕಡತವನ್ನು ಬಲ್ಲದು. 1944ರ ಜೂನ್ 1 ಎಂದರೆ ಆ ದಿನದ ಮಧ್ಯರಾತ್ರಿ ಸೊನ್ನೆ ಗಂಟೆ ಎಂದು ಹಿಡಿದು, ಆಗ ಯುದ್ಧಕಾಲವಾದ್ದರಿಂದ ಆರೂವರೆ ಗಂಟೆ ಕಳೆದು, 1970ಕ್ಕಿಂತ ಹಿಂದಿನದಾದ್ದರಿಂದ ಮೈನಸ್ ಚಿಹ್ನೆ ಹಾಕಿ, 80,74,31,400 ಸೆಕೆಂಡು ಎಂದು ಬರೆಯಿತು. ಓದುವುದು ಹಳೆಯದು. ಅದಕ್ಕೆ ಗೊತ್ತಿದ್ದದ್ದು ಐದೂವರೆ ಒಂದೇ. ಐದೂವರೆ ಕೂಡಿಸಿತು. ಬಂದದ್ದು ಮೇ 31ರ ರಾತ್ರಿ ಹನ್ನೊಂದು ಗಂಟೆ. ಪತ್ರದಲ್ಲಿ ಗಂಟೆಗೆ ಜಾಗವಿಲ್ಲ, ದಿನಾಂಕ ಮಾತ್ರ ಅಚ್ಚಾಯಿತು. ಎರಡರಲ್ಲಿ ಯಾವುದೂ ತಾನು ತಿಳಿದಂತೆ ತಪ್ಪು ಮಾಡಿರಲಿಲ್ಲ. ನನ್ನ ಭಾವಮೈದುನನ ಹಾಗೆ, ಒಬ್ಬರು ಮುಂದಿಟ್ಟದ್ದು ಇನ್ನೊಬ್ಬರಿಗೆ ತಿಳಿದಿರಲಿಲ್ಲ, ಅಷ್ಟೇ.

ಓದುವ ಪ್ರೋಗ್ರಾಮಿಗೂ ಆ ಕಡತವನ್ನು ಕಲಿಸಿದ್ದರೆ ಸಾಕಿತ್ತು ಎನ್ನಬಹುದು. ಮೊದಲು ನಾನೂ ಹಾಗೆಂದುಕೊಂಡೆ. ಆದರೆ ಹುಟ್ಟಿದ ದಿನಾಂಕಕ್ಕೆ ಗಂಟೆಯನ್ನು ಅಂಟಿಸಿದ್ದೇ ಮೂಲ ತಪ್ಪು. ಜೂನ್ 1 ಎಂದರೆ ಜೂನ್ 1, ಅದನ್ನು ಗ್ರೀನಿಚ್‌ವರೆಗೆ ಕರೆದುಕೊಂಡು ಹೋಗಿ ವಾಪಸು ತರುವ ಅಗತ್ಯವೇ ಇರಲಿಲ್ಲ. ಸೆಕೆಂಡುಗಳನ್ನು ಕಿತ್ತು ಹಾಕಿ ದಿನಾಂಕವನ್ನು ದಿನಾಂಕವಾಗಿಯೇ ಇಟ್ಟೆವು. ತಿದ್ದಲು ಅರ್ಧ ದಿನ, ಒಪ್ಪಿಗೆ ಪಡೆಯಲು ಐದು ವಾರ.

ಸುದ್ದಿ ಹೇಳಲು ಮೇಷ್ಟರಿಗೆ ಫೋನ್ ಮಾಡಿದೆ. ನಿಮ್ಮ ಜೂನ್ 1 ನಿಮಗೆ ಮರಳಿತು ಎಂದಾಗ ನಕ್ಕರು. ಅವರು ಹುಟ್ಟಿದ್ದು ಜೂನಿನಲ್ಲಿಯೇ ಅಲ್ಲವಂತೆ. ಜಾತಕದ ಪ್ರಕಾರ ತಾರಣ ಸಂವತ್ಸರದ ಭಾದ್ರಪದ ಶುದ್ಧ ಪಂಚಮಿ, ಚೌತಿಯ ಮರುದಿನ. ಶಾಲೆಗೆ ಸೇರಿಸುವಾಗ ಆರು ವರ್ಷ ತುಂಬಲು ಕೆಲವು ತಿಂಗಳು ಕಡಿಮೆ ಬಿತ್ತು, ಹೆಡ್ಮಾಸ್ಟರು ತುಂಬಿಸಿದರು.

ನಾನು ತಲೆ ಹಿಡಿದುಕೊಂಡೆ. ಎಂಬತ್ತು ಕೋಟಿ ಸೆಕೆಂಡುಗಳನ್ನು ಒಂದೂ ಬಿಡದೆ ಎಣಿಸಿದ್ದೆ, ಹೆಡ್ಮಾಸ್ಟರರ ಕಲ್ಪನೆಯ ದಿನಾಂಕಕ್ಕಾಗಿ.

"ಆ ಹೆಡ್ಮಾಸ್ಟರರ ಮೇಲೆ ನಿಮಗೆ ಬೇಸರವಿಲ್ಲವೇ?" ಎಂದು ಕೇಳಿದೆ.

"ಬೇಸರ ಎಂಥದು? ನಾನೂ ಹನ್ನೊಂದು ವರ್ಷ ಹೆಡ್ಮಾಸ್ಟರಾಗಿದ್ದೆ. ನಿಮ್ಮ ಪಟ್ಟಿಯಲ್ಲಿ ಇನ್ನು ಹತ್ತಿಪ್ಪತ್ತು ವರ್ಷಕ್ಕೆ ಬರುವ ಜೂನ್ 1ರವರಲ್ಲಿ ಒಂದಷ್ಟು ಮಂದಿ ನನ್ನವರು" ಎಂದರು.

ನಮಸ್ಕಾರ.